ಬನವಾಸಿ ನಾಡೂ ರೋಮಕ ರಜತಮುದ್ರೆಗಳೂ

೧

ಸಂಸ್ಕೃತ ಕೋಶಕಾರರಲ್ಲಿ ಅಗ್ರಗಣ್ಯನಾದ ಅಮರಸಿಂಹನು ನಾನಾರ್ಥವರ್ಗದಲ್ಲಿ ನಿಷ್ಕಶಬ್ದಕ್ಕೆ ಹೇಳಿರುವ ಅರ್ಥಗಳಲ್ಲಿ ದೀನಾರವೂ ಒಂದು. ಪಾಠಶಾಲೆಗಳಲ್ಲಿ ಅಮರವನ್ನು ಕಂಠಪಾಠಮಾಡುವ ಬಾಲಕರು ಈ ಪದವನ್ನು ಸಹಜವಾದ ಸಂಸ್ಕೃತಪದವೆಂದೇ ಭಾವಿಸಿ ಮುಂದಕ್ಕೆ ಸಾಗುವರು. ಆದರೆ ಇದು ಗೀರ್ವಾಣಭಾಷೆಯಲ್ಲಿ ಹುಟ್ಟಿದ ಪದವಲ್ಲ. ರೋಮಕರ ಡಿನೇರಿಯಸ್ ಎಂಬ ಬೆಳ್ಳಿಯ ನಾಣ್ಯದ ಹೆಸರೇ ಸಮುದ್ರವನ್ನು ದಾಟಿಬಂದು ದೀನಾರವೆಂದು ಸಂಸ್ಕಾರ ಪಡೆಯಿತು. ನಾರದಸ್ಮೃತಿಯಲ್ಲಿ ವ್ಯವಹಾರಶಾಸ್ತ್ರದ ಪದವಾಗಿಯೂ ಗುಪ್ತರ ಶಾಸನಗಳಲ್ಲಿ ದಾನದ ದ್ರವ್ಯವಾಗಿಯೂ ಇದು ಕಾಣಬರುವುದು. ರೋಮಿನಲ್ಲಿ ಬೆಳ್ಳಿಗೆ ಸಂದಿದ್ದ ಹೆಸರು ಭಾರತದಲ್ಲಿ ಚಿನ್ನಕ್ಕೆ ಸಂದಿತೆಂಬುದು ಇಲ್ಲಿ ವಿಶೇಷ. ರೋಮಕರು ತಮ್ಮ ಚಿನ್ನದ ನಾಣ್ಯವನ್ನು 'ಚಿನ್ನದ ಡಿನೇರಿಯಸ್' ಎಂದೂ ಕರೆಯುತ್ತಿದ್ದುದರಿಂದ ಈ ಅರ್ಥಾಂತರವು ಉಂಟಾಯಿತೆಂದು ವಿದ್ವಾಂಸರು ಹೇಳುವರು. ಪದವು ಉಳಿಯಿತು, ಅದು ಮೊದಲು ಸೂಚಿಸುತ್ತಿದ್ದ ಲೋಹವು ಮರೆಯಾಯಿತು.

ಮರೆಯಾದ ಆ ಬೆಳ್ಳಿಯು ಕನ್ನಡನಾಡಿನ ಮಣ್ಣಿನಲ್ಲಿ ಆಗಾಗ ತಲೆಯೆತ್ತಿ ತನ್ನ ಕಥೆಯನ್ನು ಹೇಳಿದೆ. ಆ ಕಥೆಯಲ್ಲಿ ಪ್ರಾಚೀನವಾದ ಬನವಾಸಿ ನಾಡಿಗೆ, ಅದರಲ್ಲಿಯೂ ಈಗಿನ ಶಿವಮೊಗ್ಗೆ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಿಗೆ, ಯಾವ ಸ್ಥಾನವಿದೆ ಎಂಬುದೇ ಪ್ರಕೃತ ವಿಚಾರಣೀಯವಾದ ವಿಷಯ. ನಾಣ್ಯಸಂಗ್ರಹದಲ್ಲಿ ಆಸಕ್ತರಾದವರೂ ಶಾಸನಗಳನ್ನು ಓದುವವರೂ ಒಂದೇ ನೆಲವನ್ನು ಎರಡು ಕಣ್ಣುಗಳಿಂದ ನೋಡುತ್ತಿರುವರು. ಒಬ್ಬರ ಕಣ್ಣಿಗೆ ಕಂಡುದು ಇನ್ನೊಬ್ಬರಿಗೆ ತಿಳಿಯದೆ ಹೋಗುವುದರಿಂದ ಇತಿಹಾಸಕ್ಕೆ ಆಗುತ್ತಿರುವ ನಷ್ಟವು ಅಲ್ಪವಲ್ಲ.

೨

ಮೊದಲು ಆ ನಾಡಿನ ಸಾಕ್ಷ್ಯವನ್ನು ನೋಡತಕ್ಕುದು. ವರದಾನದಿಯು ಇಕ್ಕೇರಿಯ ಬಳಿಯ ವರದಾಮೂಲದಲ್ಲಿ ಹುಟ್ಟಿ ಉತ್ತರಾಭಿಮುಖವಾಗಿ ಹರಿದು ಬನವಾಸಿಯನ್ನು ಬಳಸಿ ಮುಂದೆ ತುಂಗಭದ್ರೆಯನ್ನು ಸೇರುವುದು. ಬನವಾಸಿಯು ಇಂದು ಉತ್ತರಕನ್ನಡ ಜಿಲ್ಲೆಗೆ ಸೇರಿದ್ದರೂ ಅದರ ನೆರೆಯೇ ಸೊರಬದ ಸೀಮೆ. ಅದಕ್ಕೆ ಆಗ್ನೇಯದಲ್ಲಿ ಶಿಕಾರಿಪುರ ತಾಲ್ಲೂಕಿನ ತಾಳಗುಂದ, ಬಳ್ಳಿಗಾವೆ, ಮಳವಳ್ಳಿ ಎಂಬ ಪುರಾತನ ಗ್ರಾಮಗಳು ಇರುವುವು. ಬಿ. ಎಲ್. ರೈಸ್ ಮಹಾಶಯರು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟವನ್ನು ೧೯೦೨ರಲ್ಲಿಯೂ ಎಂಟನೆಯ ಸಂಪುಟವನ್ನು ೧೯೦೪ರಲ್ಲಿಯೂ ಪ್ರಕಟಿಸಿ, ಮೊದಲನೆಯದರಲ್ಲಿ ಶಿಕಾರಿಪುರದ ಮತ್ತು ಎರಡನೆಯದರಲ್ಲಿ ಸೊರಬದ ಶಾಸನರಾಶಿಯನ್ನು ವಿದ್ವಲ್ಲೋಕದ ಮುಂದಿಟ್ಟರು. ಕರ್ನಾಟಕದ ಆದಿಯುಗದ ಇತಿಹಾಸವನ್ನು ಬರೆಯುವ ಯಾರೂ ಈ ಎರಡು ಸಂಪುಟಗಳನ್ನು ಬಿಟ್ಟು ಮುಂದೆ ಹೋಗಲಾರರು.

ಮಳವಳ್ಳಿಯ ಸ್ತಂಭದ ಮೇಲೆ ಎರಡು ಪ್ರಾಕೃತಶಾಸನಗಳು ಒಂದರ ಕೆಳಗೊಂದು ಇವೆ. ಮೇಲಿನದು ವೈಜಯಂತೀಪುರದ ಅರಸನಾದ ಹಾರಿತೀಪುತ್ರ ವಿಣ್ಹುಕಡ್ಡ ಚುಟುಕುಲಾನಂದ ಶಾತಕರ್ಣಿಯು ರಜ್ಜುಕನೆಂಬ ಅಧಿಕಾರಿಗೆ ಆಜ್ಞಾಪಿಸಿ ಮಳಪಳಿದೇವರಿಗೆ ಬಿಡಿಸಿದ ದತ್ತಿ. ಕೆಳಗಿನದು ಆ ದತ್ತಿಯನ್ನು ಕದಂಬರಾಜನೊಬ್ಬನು ಪುನಃ ನಡೆಯಿಸಿದ ಲೇಖ. ಅದೇ ಅರಸುಮನೆತನದ ಕಾಲದಲ್ಲಿ ಬನವಾಸಿಯಲ್ಲಿ ಶಿವಸ್ಕಂದನಾಗಶ್ರೀ ಎಂಬ ರಾಜಪುತ್ರಿಯು ನಾಗಪ್ರತಿಮೆಯನ್ನೂ ಕೆರೆಯನ್ನೂ ವಿಹಾರವನ್ನೂ ಮಾಡಿಸಿದಳು. ತಾಳಗುಂದದ ಸ್ತಂಭಶಾಸನವಂತೂ ಸರ್ವವಿದಿತವಾದುದು. ಶಾಂತಿವರ್ಮನ ಕಾಲದಲ್ಲಿ ಕುಬ್ಜಕವಿಯು ರಚಿಸಿದ ಆ ಕಾವ್ಯಮಯವಾದ ಶಾಸನದಲ್ಲಿ, ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ವೇದಾಧ್ಯಯನಕ್ಕೆಂದು ಕಾಂಚಿಗೆ ಹೋಗಿ, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಉಂಟಾದ ಕಲಹದಿಂದ ದರ್ಭೆಯನ್ನು ಬಿಟ್ಟು ಖಡ್ಗವನ್ನು ಹಿಡಿದ ವೃತ್ತಾಂತವಿದೆ. ಅಲ್ಲಿಯ ಮಹಾದೇವನನ್ನು ಹಿಂದೆ ಶಾತಕರ್ಣಿ ಮೊದಲಾದ ಅರಸರು ಅರ್ಚಿಸಿದ್ದರೆಂದೂ, ಕಾಕುಸ್ಥವರ್ಮನು ಅಲ್ಲಿ ತಟಾಕವನ್ನು ಕಟ್ಟಿಸಿದನೆಂದೂ ಅದು ಹೇಳುವುದು.

ಈ ಶಾಸನಗಳಿಂದ ಒಂದು ಅಂಶವು ಸ್ಪಷ್ಟವಾಗುವುದು. ಕ್ರಿಸ್ತಶಕದ ಮೊದಲನೆಯ ಶತಮಾನಗಳಿಂದ ಐದನೆಯ ಶತಮಾನದವರೆಗೆ ಶಾತವಾಹನರು, ಚುಟುಗಳು, ಕದಂಬರು ಎಂಬ ಮೂರು ಕುಲಗಳ ಆಳಿಕೆ ಈ ನಾಡಿನಲ್ಲಿ ಒಂದರ ಮೇಲೊಂದು ಪದರಪದರವಾಗಿ ನಿಂತಿದೆ. ಆದರೆ ಶಾಸನವು ದಾನವನ್ನು ಹೇಳುವುದು. ವ್ಯಾಪಾರವನ್ನು ಹೇಳುವುದು ವಿರಳ. ಗ್ರಾಮ, ಕೆರೆ, ವಿಹಾರ, ದೇವಾಲಯಗಳು ಅದರ ವಿಷಯ. ಸಂತೆಗೆ ಹೋದ ವರ್ತಕನ ಗಂಟಿನಲ್ಲಿ ಏನಿತ್ತೆಂಬುದನ್ನು ಕುಬ್ಜಕವಿಯು ಹೇಳಲಿಲ್ಲ; ಹೇಳುವುದು ಅವನ ಕಾರ್ಯವೂ ಆಗಿರಲಿಲ್ಲ. ಆ ಭಾಗಕ್ಕೆ ಸಾಕ್ಷಿಯಾಗಬೇಕಾದುದು ನಾಣ್ಯವೇ.

೩

ಪಾಶ್ಚಾತ್ಯರ ಬೆಳ್ಳಿಯು ಭಾರತಕ್ಕೆ ಹರಿದುಬಂದುದಕ್ಕೆ ಪಾಶ್ಚಾತ್ಯರೇ ಸಾಕ್ಷಿಗಳು. ಭಾರತವು ವರ್ಷಂಪ್ರತಿ ಐದು ಕೋಟಿ ಸೆಸ್ಟರ್ಸ್‌ಗಳನ್ನು ರೋಮಕಸಾಮ್ರಾಜ್ಯದಿಂದ ಸೆಳೆದುಕೊಳ್ಳುತ್ತಿದೆಯೆಂದು ಕ್ರಿ. ಶ. ಮೊದಲನೆಯ ಶತಮಾನದ ಪ್ಲಿನಿಯು ಒಂದೆಡೆಯಲ್ಲಿ ಹೇಳಿರುವನು. ಇನ್ನೊಂದೆಡೆಯಲ್ಲಿ ಭಾರತ, ಚೀನ, ಅರಬಸ್ಥಾನಗಳು ಸೇರಿ ಹತ್ತು ಕೋಟಿಯನ್ನು ಸೆಳೆಯುವುವೆಂದು ಅವನು ದೂರಿರುವನು. ನಾಲ್ಕು ಸೆಸ್ಟರ್ಸ್‌ಗಳಿಗೆ ಒಂದು ಡಿನೇರಿಯಸ್ ಎಂಬುದು ಆ ಕಾಲದ ಲೆಕ್ಕ. ಅದೇ ಶತಮಾನದಲ್ಲಿ ಗ್ರೀಕುಭಾಷೆಯಲ್ಲಿ ಬರೆದ ಪೆರಿಪ್ಲಸ್ ಎಂಬ ನಾವಿಕಗ್ರಂಥವು, ಭರುಕಚ್ಛದಲ್ಲಿ ರೋಮಕರ ಬೆಳ್ಳಿಬಂಗಾರಗಳ ನಾಣ್ಯಗಳನ್ನು ಆ ದೇಶದ ನಾಣ್ಯಕ್ಕೆ ಬದಲಾಯಿಸಿದರೆ ಲಾಭವುಂಟೆಂದೂ, ಮಲೆಯಾಳದ ಮುಚಿರಿಪಟ್ಟಣಕ್ಕೆ ಮೆಣಸಿಗಾಗಿ ಅಪಾರವಾದ ನಾಣ್ಯವು ಬರುತ್ತದೆಂದೂ ಹೇಳಿದೆ. ಎರಡನೆಯ ಶತಮಾನದ ಟಾಲೆಮಿಯು ತನ್ನ ಭೂಗೋಳಗ್ರಂಥದಲ್ಲಿ ಬನೌಆಸೆಯ್ ಎಂಬ ನಗರವನ್ನು ಹೆಸರಿಸಿರುವನು. ಅದು ಬನವಾಸಿಯೇ ಎಂಬುದನ್ನು ವಿದ್ವಾಂಸರು ಒಪ್ಪಿರುವರು.

ಈ ಸಂಪರ್ಕದ ಪ್ರತಿಧ್ವನಿಯು ಭಾರತೀಯರ ಗ್ರಂಥಗಳಲ್ಲಿಯೂ ಇಲ್ಲದೆ ಇಲ್ಲ. ವರಾಹಮಿಹಿರನು ಪಂಚಸಿದ್ಧಾಂತಿಕೆಯಲ್ಲಿ ಸಂಗ್ರಹಿಸಿದ ಐದು ಸಿದ್ಧಾಂತಗಳಲ್ಲಿ ರೋಮಕಸಿದ್ಧಾಂತವೂ ಒಂದು. ಈಜಿಪ್ಟ್ ದೇಶದ ಆಕ್ಸಿರಿಂಕಸ್ ಎಂಬಲ್ಲಿ ದೊರೆತು ೧೯೦೩ರಲ್ಲಿ ಪ್ರಕಟವಾದ ಗ್ರೀಕು ಪ್ರಹಸನವೊಂದರಲ್ಲಿ ಭಾರತದ ಕರಾವಳಿಯ ಪಾತ್ರಗಳು ಆಡುವ ಮಾತುಗಳು ಕನ್ನಡವೆಂದು ಹುಲ್ಟ್ಸ್ ಪಂಡಿತರು ಸೂಚಿಸಿದರು. ಅನಂತರ ಆರ್. ಶಾಮಶಾಸ್ತ್ರಿಗಳೂ ಎಂ. ಗೋವಿಂದ ಪೈಗಳೂ ಅದನ್ನು ವಿಸ್ತಾರವಾಗಿ ಚರ್ಚಿಸಿದರು. ಆ ಮಾತುಗಳ ಅರ್ಥದಲ್ಲಿ ವಿದ್ವಾಂಸರಿಗೆ ಇಂದಿಗೂ ಏಕಾಭಿಪ್ರಾಯವಿಲ್ಲದುದರಿಂದ ಅದನ್ನು ಇತಿಹಾಸದ ಅಡಿಗಲ್ಲಾಗಿ ಇಡತಕ್ಕುದಲ್ಲ. ನಾಣ್ಯವಾದರೋ ಕೈಯಲ್ಲಿ ಹಿಡಿದು ತೂಗಬಹುದಾದ ಸಾಕ್ಷ್ಯ.

೪

ಕನ್ನಡನಾಡಿನಲ್ಲಿ ರೋಮಕರ ಬೆಳ್ಳಿಯು ದೊರೆತಿರುವ ಪ್ರಸಿದ್ಧಸ್ಥಳಗಳು ಮೂರು. ಬೆಂಗಳೂರಿನ ಯಶವಂತಪುರದಲ್ಲಿ ೧೮೯೧ರಲ್ಲಿ ೧೬೩ ದೀನಾರಗಳ ನಿಧಿಯು ಸಿಕ್ಕಿತು. ಅವು ಅಗಸ್ಟಸನಿಂದ ಕ್ಲಾಡಿಯಸನವರೆಗಿನ ಕಾಲಕ್ಕೆ ಸೇರಿದುವು. ಅದೇ ನಗರದ ವಿಮಾನಕಾರ್ಖಾನೆಯ ವಿಮಾನನಿಲ್ದಾಣದ ಬಳಿ ೧೯೬೫ರಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸರ ೨೫೬ ದೀನಾರಗಳು ದೊರೆತುವು. ಮೂರನೆಯದು ಚಿತ್ರದುರ್ಗದ ಚಂದ್ರವಳ್ಳಿ. ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ೧೯೨೯ರ ಸುಮಾರಿನಲ್ಲಿಯೂ, ಸರ್ ಮಾರ್ಟಿಮರ್ ವ್ಹೀಲರ್ ಅವರು ೧೯೪೭ರಲ್ಲಿಯೂ ಅಲ್ಲಿ ಅಗೆಯಿಸಿದರು. ಆ ಸ್ಥಳದಿಂದ ಅಗಸ್ಟಸನ ಮತ್ತು ಟೈಬೀರಿಯಸನ ದೀನಾರಗಳು ಬಂದಿವೆ.

ಮೇಲ್ಕಂಡ ಮೂರರಲ್ಲಿ ಸಂಖ್ಯೆಯಿಂದ ಯಶವಂತಪುರವೂ ವಿಮಾನನಿಲ್ದಾಣವೂ ದೊಡ್ಡವು. ಇತಿಹಾಸದೃಷ್ಟಿಯಿಂದ ಚಂದ್ರವಳ್ಳಿಯೇ ದೊಡ್ಡದು. ಕಾರಣವಿಷ್ಟೆ: ನಿಧಿಯು ತನ್ನನ್ನು ಹೂತವನ ಸಂಪತ್ತನ್ನು ಮಾತ್ರ ತಿಳಿಸುವುದು. ಚಂದ್ರವಳ್ಳಿಯ ದೀನಾರವಾದರೋ ಒಂದು ಪಟ್ಟಣದ ಬಾಳುವೆಯ ನಡುವೆ ಬಿದ್ದುದು. ಅದರ ಜೊತೆಯಲ್ಲಿ ಶಾತವಾಹನರ ನಾಣ್ಯಗಳಿವೆ; ಸದಕಣ ಕಳಲಾಯ ಮಹಾರಠಿ ಎಂಬ ಸಾಮಂತನ ಸೀಸದ ನಾಣ್ಯಗಳಿವೆ; ಪೂರ್ವಸಮುದ್ರತೀರದ ಅರಿಕಮೇಡಿನಲ್ಲಿ ದೊರೆತ ಜಾತಿಯ, ಒಳಮೈಯಲ್ಲಿ ಚಕ್ರಾಕಾರವಾದ ಗೀರುಚಿತ್ತಾರವುಳ್ಳ ಮಡಕೆಯ ಚೂರುಗಳೂ ಇವೆ. ಒಂದು ಪದರದ ವಸ್ತುಗಳು ಇನ್ನೊಂದಕ್ಕೆ ಸಾಕ್ಷಿಯಾಗಿ ನಿಂತುದರಿಂದಲೇ ದಕ್ಷಿಣದ ಪ್ರಾಚೀನಪಟ್ಟಣಗಳ ಕಾಲವನ್ನು ನಿರ್ಣಯಿಸಲು ವ್ಹೀಲರ್ ಅವರಿಗೆ ಸಾಧ್ಯವಾಯಿತು.

ಚಂದ್ರವಳ್ಳಿಗೂ ತಾಳಗುಂದಕ್ಕೂ ಇನ್ನೊಂದು ನಂಟುಂಟು. ಚಂದ್ರವಳ್ಳಿಯ ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲೆ ಮಯೂರಶರ್ಮನ ಹೆಸರಿನ ಪ್ರಾಕೃತಶಾಸನವಿರುವುದು. ಕೃಷ್ಣ ಅವರು ಅದರಲ್ಲಿ ತ್ರೈಕೂಟ, ಆಭೀರ, ಪಲ್ಲವ ಮೊದಲಾದವರ ಹೆಸರುಗಳನ್ನು ಓದಿದರು. ಬೇರೆ ವಿದ್ವಾಂಸರು ಆ ಭಾಗವನ್ನು ಅನ್ಯಥಾ ಓದಿರುವರು. ತಟಾಕನಿರ್ಮಾಣವೇ ಅದರ ವಿಷಯವೆಂಬುದರಲ್ಲಿ ಮಾತ್ರ ಭೇದವಿಲ್ಲ. ತಾಳಗುಂದದಲ್ಲಿ ಯಾರ ಕುಲವು ಕೊಂಡಾಡಲ್ಪಟ್ಟಿತೋ ಅವನ ಹೆಸರೇ ಟೈಬೀರಿಯಸನ ಬೆಳ್ಳಿ ದೊರೆತ ಕಣಿವೆಯಲ್ಲಿಯೂ ಇದೆ. ಇದನ್ನು ಕಂಡು, ಮಯೂರಶರ್ಮನ ಬೊಕ್ಕಸದಲ್ಲಿ ರೋಮಕನಾಣ್ಯಗಳಿದ್ದುವೆಂದು ಆತುರಪಡುವವರು ಉಂಟು. ಟೈಬೀರಿಯಸನು ಸತ್ತುದು ಕ್ರಿ. ಶ. ೩೭ರಲ್ಲಿ, ಮಯೂರಶರ್ಮನು ನಾಲ್ಕನೆಯ ಶತಮಾನದವನು. ನಡುವೆ ಸುಮಾರು ಮುನ್ನೂರು ವರ್ಷಗಳ ಅಂತರವಿದೆ. ಸ್ಥಳವೊಂದೇ ಆದಮಾತ್ರಕ್ಕೆ ಕಾಲವೂ ಒಂದೇ ಆಗದು. ನಾಣ್ಯದ ಮೇಲಿನ ಅರಸನ ಕಾಲವು, ಆ ನಾಣ್ಯವು ಅದಕ್ಕಿಂತ ಹಿಂದೆ ಹೂಳಲ್ಪಟ್ಟಿರಲಾರದೆಂಬುದನ್ನು ಮಾತ್ರ ಹೇಳುವುದು. ಎಷ್ಟು ಮುಂದೆ ಹೂಳಲ್ಪಟ್ಟಿತೆಂಬುದನ್ನು ಹೇಳದು.

೫

ಭಾರತದಲ್ಲಿ ದೊರೆತ ದೀನಾರಗಳಲ್ಲಿ ಬಹುಭಾಗವು ಎರಡೇ ಮಾದರಿಗಳವು. ಮೊದಲನೆಯದರಲ್ಲಿ ಒಂದು ಮುಖದ ಮೇಲೆ ಪತ್ರಮಾಲೆಯನ್ನು ಧರಿಸಿದ ಅಗಸ್ಟಸನ ಶಿರಸ್ಸೂ ಇನ್ನೊಂದರ ಮೇಲೆ ಗುರಾಣಿಭಲ್ಲೆಗಳನ್ನು ನಡುವೆ ಇರಿಸಿಕೊಂಡು ನಿಂತಿರುವ ಅವನ ಮೊಮ್ಮಕ್ಕಳಾದ ಗೇಯಸ್ ಮತ್ತು ಲೂಸಿಯಸರ ಮೂರ್ತಿಗಳೂ ಇರುವುವು. ಎರಡನೆಯದರಲ್ಲಿ ಟೈಬೀರಿಯಸನ ಶಿರಸ್ಸೂ ಹಿಂಬದಿಯಲ್ಲಿ ದಂಡವನ್ನು ಹಿಡಿದು ಪೀಠದಲ್ಲಿ ಕುಳಿತ ಸ್ತ್ರೀಮೂರ್ತಿಯೂ ಇರುವುವು. ಸುತ್ತಲಿನ ಲಿಪಿಯು ಅವನನ್ನು ಪ್ರಧಾನಪುರೋಹಿತನೆಂದು ಹೇಳುವುದು. ಇವೆರಡೂ ಗಾಲ್ ದೇಶದ ಲುಗ್ಡುನಮ್ ಎಂಬ ಟಂಕಸಾಲೆಯ, ಅಂದರೆ ಈಗಿನ ಫ್ರಾನ್ಸಿನ ಲಿಯೋನ್ ಪಟ್ಟಣದ, ನಾಣ್ಯಗಳು. ಅಲ್ಲಿ ಟಂಕಿಸಲ್ಪಟ್ಟ ಬೆಳ್ಳಿಯು ಚಿತ್ರದುರ್ಗದ ಕಣಿವೆಯವರೆಗೆ ಬಂದುದು ಇತಿಹಾಸದಲ್ಲಿ ವಿಸ್ಮಯಕರವಾದ ಸಂಗತಿಯೇ ಸರಿ.

ಈ ಎರಡೇ ಮಾದರಿಗಳು ಹೇರಳವಾಗಿರುವುದಕ್ಕೆ ಕಾರಣವನ್ನು ಲೋಹದಲ್ಲಿ ಹುಡುಕಬೇಕು. ಅಗಸ್ಟಸನ ಕಾಲದಲ್ಲಿ ಒಂದು ರೋಮಕ ಪೌಂಡು ಬೆಳ್ಳಿಗೆ ೮೪ ದೀನಾರಗಳು. ಒಂದೊಂದರ ತೂಕ ಸುಮಾರು ೩.೯ ಗ್ರಾಮು. ಕ್ರಿ. ಶ. ೬೪ರಲ್ಲಿ ನೀರೋ ಚಕ್ರವರ್ತಿಯು ಪೌಂಡಿಗೆ ೯೬ ದೀನಾರಗಳನ್ನು ಹೊಡೆಯಿಸಿ, ಬೆಳ್ಳಿಯ ಶುದ್ಧಿಯನ್ನೂ ತಗ್ಗಿಸಿದನು. ಅದಕ್ಕಿಂತ ಈಚಿನ ರೋಮಕರ ಬೆಳ್ಳಿಯು ದಕ್ಷಿಣದ ನಿಧಿಗಳಲ್ಲಿ ಬಹು ವಿರಳ. ಜರ್ಮನರು ಹಳೆಯ, ಪರಿಚಿತವಾದ ನಾಣ್ಯಗಳನ್ನೇ ಮೆಚ್ಚುತ್ತಿದ್ದರೆಂದು ಟಾಸಿಟಸನು ತನ್ನ ಕಾಲದ ಸಂಗತಿಯನ್ನು ಬರೆದಿರುವನು. ದಕ್ಷಿಣಾಪಥದ ವರ್ತಕರು ಅವರಿಗಿಂತ ಕಡಮೆಯವರಾಗಿರಲಿಲ್ಲ. ಚಕ್ರವರ್ತಿಯ ಮುದ್ರೆಗೆ ಅವರು ತಲೆಬಾಗಲಿಲ್ಲ. ಒರೆಗಲ್ಲಿಗೂ ತಕ್ಕಡಿಗೂ ತಲೆಬಾಗಿದರು. ರೋಮಿನಲ್ಲಿ ರಾಜಾಜ್ಞೆಯಿಂದ ಬೆಲೆಪಡೆಯುತ್ತಿದ್ದ ನಾಣ್ಯವು ಇಲ್ಲಿ ಬೆಳ್ಳಿಯ ತುಂಡಾಗಿ ಬೆಲೆಪಡೆಯಿತೆಂಬುದೇ ಇದರ ತಾತ್ಪರ್ಯ.

ಹೀಗಿರಲಾಗಿ ಒಂದು ಪ್ರಶ್ನೆಯು ಹುಟ್ಟುವುದು. ದೀನಾರಗಳ ದೊಡ್ಡ ನಿಧಿಗಳು ಬೆಂಗಳೂರಿನ ಕಡೆಯಲ್ಲಿಯೂ ಕೊಯಮತ್ತೂರಿನ ವೆಳ್ಳಲೂರು ಮೊದಲಾದೆಡೆಗಳಲ್ಲಿಯೂ ದೊರೆತಿವೆ. ಪಶ್ಚಿಮಸಮುದ್ರಕ್ಕೆ ಹೆಚ್ಚು ಸಮೀಪವಾಗಿದ್ದ, ಟಾಲೆಮಿಗೂ ಪರಿಚಿತವಾಗಿದ್ದ ಬನವಾಸಿಯ ಸೀಮೆಯು ಈ ವಿಷಯದಲ್ಲಿ ಅವುಗಳಿಗೆ ಏಕೆ ಸಾಟಿಯಾಗಲಿಲ್ಲ? ವೆಳ್ಳಲೂರಿನ ವಿಷಯದಲ್ಲಿ ಉತ್ತರವು ಸುಲಭ: ಮುಚಿರಿಪಟ್ಟಣದಿಂದ ಪಾಲಕ್ಕಾಡಿನ ಕಣಿವೆಯ ಮೂಲಕ ಪೂರ್ವಸಮುದ್ರಕ್ಕೆ ಹೋಗುವ ವರ್ತಕರ ದಾರಿಯಲ್ಲಿ ಅದು ಇತ್ತು. ಬನವಾಸಿಯ ವಿಷಯದಲ್ಲಿ ಎರಡು ಕಾರಣಗಳನ್ನು ಊಹಿಸಬಹುದು.

ಮೊದಲನೆಯದು ರಾಜಕೀಯವಾದುದು. ಎಲ್ಲಿ ಬಲವಾದ ಅರಸುಮನೆತನವು ತನ್ನದೇ ಆದ ನಾಣ್ಯವನ್ನು ನಡೆಯಿಸುತ್ತಿದ್ದಿತೋ ಅಲ್ಲಿ ಪರದೇಶದ ಬೆಳ್ಳಿಯು ಮೂಸೆಗೆ ಹೋಗುವುದು ಸಹಜ. ಪೆರಿಪ್ಲಸಿನಲ್ಲಿ ಹೇಳಿದ ಭರುಕಚ್ಛದ ನಾಣ್ಯವಿನಿಮಯವನ್ನು ಇಲ್ಲಿ ನೆನೆಯಬಹುದು. ನಾಸಿಕಜಿಲ್ಲೆಯ ಜೋಗಲತೆಂಬಿಯಲ್ಲಿ ೧೯೦೬ರಲ್ಲಿ ದೊರೆತ ನಿಧಿಯಲ್ಲಿ ನಹಪಾನನ ಬೆಳ್ಳಿಯ ನಾಣ್ಯಗಳು ಹದಿಮೂರು ಸಾವಿರಕ್ಕೂ ಹೆಚ್ಚಾಗಿದ್ದುವು. ಅವುಗಳಲ್ಲಿ ಒಂಬತ್ತು ಸಾವಿರಕ್ಕೂ ಮಿಕ್ಕವುಗಳ ಮೇಲೆ ಗೌತಮೀಪುತ್ರ ಶಾತಕರ್ಣಿಯು ತನ್ನ ಮುದ್ರೆಯನ್ನು ಒತ್ತಿಸಿರುವನು. ಶತ್ರುವಿನ ಬೆಳ್ಳಿಯನ್ನು ಹಾಗೆಯೇ ಬಿಡದ ಶಾತವಾಹನರು ಪರದೇಶಿಯ ಬೆಳ್ಳಿಯನ್ನು ತಮ್ಮ ನೆಲೆವೀಡುಗಳಲ್ಲಿ ಹಾಗೆಯೇ ಓಡಾಡಲು ಬಿಟ್ಟಿದ್ದರೆಂದು ತಿಳಿಯಲು ಆಧಾರವಿಲ್ಲ. ಬನವಾಸಿಯಲ್ಲಿ ದೊರೆತಿರುವ ವಾಸಿಷ್ಠೀಪುತ್ರ ಶಿವಶ್ರೀ ಪುಳುಮಾವಿಯ ಮಹಾದೇವಿಯ ಛಾಯಾಸ್ತಂಭವು ಆ ಮನೆತನಕ್ಕೂ ಈ ನಗರಕ್ಕೂ ಇದ್ದ ನಿಕಟಸಂಬಂಧಕ್ಕೆ ಸಾಕ್ಷಿಯಾಗಿದೆ.

ಎರಡನೆಯ ಕಾರಣವು ಇನ್ನೂ ಗಮನಾರ್ಹವಾದುದು. ಚುಟುಕುಲದ ಅರಸರ ನಾಣ್ಯಗಳು ಸೀಸದವು. ಕಾರವಾರದ ಕಡೆಯಲ್ಲಿ ದೊರೆತ ಚುಟುಕುಲಾನಂದ ಮತ್ತು ಮೂಳಾನಂದ ಎಂಬ ಹೆಸರಿನ ದೊಡ್ಡ ಸೀಸದ ನಾಣ್ಯಗಳು ನಾಣ್ಯಶಾಸ್ತ್ರಜ್ಞರಿಗೆ ಚಿರಪರಿಚಿತವಾದುವು. ಒಂದು ಕಡೆ ಬೆಟ್ಟದಂಥ ಚೈತ್ಯಚಿಹ್ನೆ, ಇನ್ನೊಂದು ಕಡೆ ಕಟಾಂಜನದೊಳಗಿನ ವೃಕ್ಷ. ಭಾರತದಲ್ಲಿ ತಾಮ್ರವೂ ಸೀಸವೂ ಇಲ್ಲವೆಂದೂ, ಭಾರತೀಯರು ಮುತ್ತುರತ್ನಗಳನ್ನು ಕೊಟ್ಟು ಅವನ್ನು ಪಡೆಯುತ್ತಾರೆಂದೂ ಪ್ಲಿನಿಯು ಬರೆದಿರುವನು. ರಾಜಸ್ಥಾನದ ಜಾವರಿನಲ್ಲಿ ಪ್ರಾಚೀನವಾದ ಸೀಸದ ಗಣಿಗಳಿರುವುದರಿಂದ ಅವನ ಮಾತು ಅಕ್ಷರಶಃ ನಿಜವಲ್ಲ. ಆದರೆ ಪಶ್ಚಿಮತೀರದ ರೇವುಗಳಿಗೆ ಸೀಸವು ಹಡಗಿನಲ್ಲಿ ಬರುತ್ತಿದ್ದಿತೆಂಬುದನ್ನು ಪೆರಿಪ್ಲಸೂ ಹೇಳುವುದರಿಂದ ವರ್ತಕರ ಮಾತು ಪೂರ್ಣವಾಗಿ ಸುಳ್ಳೂ ಅಲ್ಲ. ಆದುದರಿಂದ ಬನವಾಸಿ ನಾಡಿನಲ್ಲಿ ರೋಮಕರ ಸಂಪರ್ಕವನ್ನು ಹುಡುಕುವವರು ಹೊಳೆಯುವ ಬೆಳ್ಳಿಯನ್ನಷ್ಟೇ ಹುಡುಕಿದರೆ ಸಾಲದು. ಮಾಸಿದ ಸೀಸವನ್ನೂ ತೂಗಿನೋಡಬೇಕು. ಸಂಗ್ರಾಹಕರು ಬೆಲೆಯಿಲ್ಲವೆಂದು ಬದಿಗೊತ್ತುವ ಆ ಕಪ್ಪು ಬಿಲ್ಲೆಯೇ ಒಂದು ವೇಳೆ ಸಮುದ್ರವ್ಯಾಪಾರದ ನಿಜವಾದ ಸಾಕ್ಷಿಯಾಗಿರಬಹುದು.

೬

ಕದಂಬರ ಕಾಲಕ್ಕೆ ಬಂದರೆ ಚಿತ್ರವು ಬದಲಾಗುವುದು. ಬನವಾಸಿಗೆ ಈಶಾನ್ಯದಲ್ಲಿ, ಹಾನಗಲ್ಲು ತಾಲ್ಲೂಕಿನ ಅಕ್ಕಿಆಲೂರಿನಲ್ಲಿ, ನಾಲ್ವತ್ತಕ್ಕೂ ಹೆಚ್ಚು ಚಿನ್ನದ ನಾಣ್ಯಗಳ ನಿಧಿಯೊಂದು ದೊರೆತಿದೆ. ಅವುಗಳಲ್ಲಿ ಬಹುಪಾಲು ಪೂರ್ವರೋಮಕಸಾಮ್ರಾಜ್ಯದ, ಅಂದರೆ ಕಾನ್‌ಸ್ಟಾಂಟಿನೋಪಲಿನ, ಚಕ್ರವರ್ತಿಗಳವು: ಎರಡನೆಯ ಥಿಯೋಡೋಸಿಯಸನಿಂದ ಒಂದನೆಯ ಜಸ್ಟಿನನವರೆಗೆ. ಥಿಯೋಡೋಸಿಯಸನು ಆಳಿದುದು ಕ್ರಿ. ಶ. ೪೫೦ರವರೆಗೆ, ಜಸ್ಟಿನನು ೫೧೮ರಿಂದ ೫೨೭ರವರೆಗೆ. ಅಂದರೆ ತಾಳಗುಂದದ ಸ್ತಂಭವನ್ನು ನಿಲ್ಲಿಸಿದ ಕಾಲದಿಂದ ಬನವಾಸಿಯ ಕದಂಬರ ಕಡೆಗಾಲದವರೆಗೆ ಈ ನಾಣ್ಯಗಳು ಆ ರಾಜ್ಯಕ್ಕೆ ಸಮಕಾಲೀನವಾದುವು. ಇಲ್ಲಿ ಮಯೂರಶರ್ಮ-ಟೈಬೀರಿಯಸರ ನಡುವಿನಂಥ ಮುನ್ನೂರು ವರ್ಷಗಳ ಕಂದಕವಿಲ್ಲ. ಕಾಕುಸ್ಥವರ್ಮನು ತನ್ನ ಪುತ್ರಿಯರನ್ನು ಗುಪ್ತರೇ ಮೊದಲಾದ ರಾಜಕುಲಗಳಿಗೆ ಕೊಟ್ಟನೆಂದು ಹೇಳುವ ಶಾಸನದ ಕಾಲದಲ್ಲಿ, ಆ ಗುಪ್ತರ ಶಾಸನಗಳಲ್ಲಿ ದೀನಾರವೆಂಬ ಪದವು ನೆಲೆಗೊಂಡಿದ್ದಿತು. ರೋಮಕರ ಬೆಳ್ಳಿಯ ಹೆಸರೂ ರೋಮಕರ ಚಿನ್ನದ ವಸ್ತುವೂ ಒಂದೇ ಯುಗದಲ್ಲಿ ಭಾರತದಲ್ಲಿ ಪ್ರತ್ಯೇಕವಾಗಿ ಬಾಳುತ್ತಿದ್ದುವು.

ಅಕ್ಕಿಆಲೂರಿನ ನಾಣ್ಯಗಳಲ್ಲಿ ಇನ್ನೊಂದು ವಿಶೇಷವುಂಟು. ಅನೇಕ ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲ್ಗಡೆ ಎರಡೆರಡು ರಂಧ್ರಗಳನ್ನು ಕೊರೆಯಲಾಗಿದೆ. ಅವನ್ನು ದಾರದಲ್ಲಿ ಪೋಣಿಸಿಯೋ ವಸ್ತ್ರಕ್ಕೆ ಹೊಲಿದೋ ಧರಿಸುತ್ತಿದ್ದಿರಬೇಕು. ಕಾಸಿನ ಸರವನ್ನು ಕಂಡಿರುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಖವು ತಲೆಕೆಳಗಾಗದಂತೆ ರಂಧ್ರಗಳನ್ನು ಇಟ್ಟಿರುವುದರಿಂದ, ಅದನ್ನು ಧರಿಸಿದವರು ಆ ಅಪರಿಚಿತನಾದ ಅರಸನ ಮುಖವನ್ನು ನೋಡತಕ್ಕ ಮುಖವೆಂದು ಭಾವಿಸಿದ್ದರೆಂದು ತಿಳಿಯುವುದು. ನಾಣ್ಯವು ಒಂದು ದೇಶದಲ್ಲಿ ಹಣ, ಇನ್ನೊಂದರಲ್ಲಿ ಲೋಹ, ಮತ್ತೊಂದು ಕಾಲದಲ್ಲಿ ಆಭರಣ. ಹೀಗೆ ಒಂದೇ ವಸ್ತುವಿಗೆ ಮೂರು ಜನ್ಮಗಳುಂಟು. ಇಂದಿನ ಸಂಗ್ರಾಹಕನ ಪೆಟ್ಟಿಗೆಯು ಅದಕ್ಕೆ ನಾಲ್ಕನೆಯ ಜನ್ಮ.

೭

ಆ ನಾಲ್ಕನೆಯ ಜನ್ಮದ ವಿಷಯದಲ್ಲಿ ಕೆಲವು ಮಾತುಗಳು ಅವಶ್ಯಕ. ರೋಮಕರ ದೀನಾರಗಳನ್ನು ಸಂಗ್ರಹಿಸುವುದು ಲೋಕದ ಅನೇಕ ದೇಶಗಳಲ್ಲಿ ವಿದ್ಯಾವಂತರ ಹವ್ಯಾಸವಾಗಿದೆ. ಅದು ನಿಂದ್ಯವಲ್ಲ, ನಾಣ್ಯಶಾಸ್ತ್ರವೇ ಸಂಗ್ರಾಹಕರ ಮನೆಗಳಲ್ಲಿ ಹುಟ್ಟಿಬೆಳೆದ ಶಾಸ್ತ್ರ. ಆದರೆ ಸಂಗ್ರಾಹಕನ ಕೈಗೆ ಬರುವ ದೀನಾರದೊಡನೆ ಒಂದು ಕಥೆಯೂ ಬರುವುದುಂಟು: ಇದು ಬನವಾಸಿಯದು, ಇದು ತಾಳಗುಂದದ್ದು, ಇದು ಚಂದ್ರಗುತ್ತಿಯ ಬುಡದಲ್ಲಿ ಉಳುವಾಗ ಸಿಕ್ಕಿದುದು. ಊರಿನ ಕೀರ್ತಿಯು ನಾಣ್ಯದ ಬೆಲೆಯನ್ನು ಹೆಚ್ಚಿಸುವುದರಿಂದ ಇಂಥ ಕಥೆಗಳಿಗೆ ಕೊರತೆಯಿಲ್ಲ. ಆ ಮಾತನ್ನು ನಂಬಿ ಬರೆದ ಒಂದು ವಾಕ್ಯವು ಮುಂದಿನ ಗ್ರಂಥಗಳಲ್ಲಿ ಪ್ರಮಾಣವಾಗಿ ಬೆಳೆಯುವುದು. ತರ್ಕಶಾಸ್ತ್ರದಲ್ಲಿ ಆಪ್ತವಾಕ್ಯವೇ ಶಬ್ದಪ್ರಮಾಣವೆಂದು ಹೇಳಿದೆ. ಮಾರುವವನು ತನ್ನ ಸರಕಿನ ವಿಷಯದಲ್ಲಿ ಆಪ್ತನಲ್ಲ.

ಪರೀಕ್ಷೆಯ ಮಾರ್ಗಗಳು ಇಲ್ಲದಿಲ್ಲ. ಅಚ್ಚಿನಿಂದ ಹೊಡೆದ ನಾಣ್ಯಕ್ಕೂ ಎರಕಹೊಯ್ದ ನಕಲಿಗೂ ಅಂಚಿನಲ್ಲಿ ಭೇದವು ಕಾಣುವುದು. ಎರಕದ ಅಂಚಿನಲ್ಲಿ ಸಂಧಿಯ ಗೆರೆಯೂ ಮೈಯಲ್ಲಿ ಸಣ್ಣ ರಂಧ್ರಗಳೂ ಇರುವುದುಂಟು. ತೂಕವು ೩.೯ ಗ್ರಾಮಿಗೆ ಬಹು ದೂರವಾಗಿದ್ದರೆ ಸಂಶಯಕ್ಕೆ ಕಾರಣವಿದೆ. ಲಿಪಿಯ ಅಕ್ಷರಗಳು ವಿಕಾರವಾಗಿದ್ದರೆ ಮಾತ್ರ ಆತುರದಿಂದ ನಕಲಿಯೆಂದು ಎಸೆಯಬಾರದು. ರೋಮಕನಾಣ್ಯಗಳನ್ನು ಅನುಕರಿಸಿ ಪ್ರಾಚೀನಕಾಲದಲ್ಲಿಯೇ ಭಾರತದಲ್ಲಿ ಮಾಡಿದ ನಾಣ್ಯಗಳೂ ಉಂಟು, ಅವು ಇತಿಹಾಸಕ್ಕೆ ಮೂಲದಷ್ಟೇ ಬೆಲೆಯುಳ್ಳವು. ಐರೋಪ್ಯರ ಬೆಳ್ಳಿಯೆಲ್ಲ ರೋಮಕರದೂ ಅಲ್ಲ. ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಪೋರ್ತುಗೀಸರ ರಾಯಭಾರಿಯೊಡನೆ ಇಟಲಿದೇಶದ ಪಿಯೆತ್ರೋ ದೆಲ್ಲಾ ವಾಲೆಯು ೧೬೨೩ರಲ್ಲಿ ಬಂದಿದ್ದನು. ಆ ಕಾಲದಲ್ಲಿ ಮಲೆನಾಡಿನ ಮೆಣಸಿಗಾಗಿ ಬಂದ ಪಾಶ್ಚಾತ್ಯರ ಹಣವನ್ನೂ ಪ್ರಾಚೀನವೆಂದು ಭ್ರಮಿಸುವ ಸಂಭವವಿದೆ. ಆದರೆ ಈ ಪರೀಕ್ಷೆಗಳೆಲ್ಲವೂ ನಾಣ್ಯವು ನಿಜವೇ ಎಂಬುದನ್ನು ಮಾತ್ರ ತಿಳಿಸುವುವು. ಅದು ಎಲ್ಲಿಯದೆಂಬುದನ್ನು ನೆಲವೊಂದೇ ಹೇಳಬಲ್ಲುದು. ನೆಲದಿಂದ ಕಿತ್ತ ದೀನಾರವು ರೋಮಿನ ಇತಿಹಾಸಕ್ಕೆ ಸೇರಿದುದು; ನೆಲದಲ್ಲಿಯೇ ಗುರುತಿಸಲ್ಪಟ್ಟ ದೀನಾರವು ಕನ್ನಡನಾಡಿನ ಇತಿಹಾಸಕ್ಕೆ ಸೇರಿದುದು.

ಕಾಯಿದೆಯೂ ಈ ಪಕ್ಷದಲ್ಲಿಯೇ ಇದೆ. ೧೮೭೮ರ ನಿಧಿಕಾಯಿದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿಯು ಸಿಕ್ಕಿದವನು ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ೧೯೭೨ರ ಪುರಾವಸ್ತು ಕಾಯಿದೆಯು ನೂರು ವರ್ಷಗಳಿಗೆ ಮೇಲ್ಪಟ್ಟ ನಾಣ್ಯಗಳನ್ನು ಪುರಾವಸ್ತುಗಳೆಂದು ಗಣಿಸಿ, ಖಾಸಗಿಯವರು ಅವನ್ನು ಪರದೇಶಕ್ಕೆ ಸಾಗಿಸುವುದನ್ನು ನಿಷೇಧಿಸಿದೆ. ಹೀಗಿದ್ದರೂ ಹೊಲದಲ್ಲಿ ಬೆಳ್ಳಿಯ ಬಿಲ್ಲೆಗಳು ಸಿಕ್ಕಿದ ರೈತನು ಕಚೇರಿಗೆ ಹೋಗಲು ಹೆದರುವನು. ಅಕ್ಕಸಾಲಿಯ ಮೂಸೆಯು ಅವನಿಗೆ ಹತ್ತಿರವಾದ ದಾರಿ. ನಿಧಿಯ ಆಸೆಯಿಂದ ರಾತ್ರಿಯ ಹೊತ್ತು ಗರ್ಭಗೃಹಗಳನ್ನೂ ವೀರಗಲ್ಲುಗಳ ಬುಡವನ್ನೂ ಅಗೆಯುವವರ ಹಾವಳಿಯು ಮಲೆನಾಡಿನ ಹಳ್ಳಿಗಳಿಗೆ ಹೊಸದಲ್ಲ. ಅವರು ಕದ್ದೊಯ್ಯುವ ಲೋಹಕ್ಕಿಂತ ಅವರು ಕಲಕಿಹಾಕುವ ಮಣ್ಣೇ ಹೆಚ್ಚು ಬೆಲೆಯುಳ್ಳುದು. ಚಂದ್ರವಳ್ಳಿಯ ಪದರಗಳನ್ನು ಯಾರಾದರೂ ಮೊದಲೇ ಹೀಗೆ ಕಲಕಿದ್ದರೆ, ಅಲ್ಲಿಯ ದೀನಾರದಿಂದ ಕಾಲನಿರ್ಣಯವನ್ನು ಮಾಡುವುದು ಸಾಧ್ಯವಾಗುತ್ತಿರಲಿಲ್ಲ.

ಈ ಸೀಮೆಯ ನೆಲವು ಇನ್ನೂ ತನ್ನ ಮಾತನ್ನು ಮುಗಿಸಿಲ್ಲವೆಂಬುದಕ್ಕೆ ತಾಳಗುಂದವೇ ನಿದರ್ಶನ. ಸ್ತಂಭಶಾಸನವನ್ನು ವಿದ್ವಾಂಸರು ನೂರು ವರ್ಷಗಳಿಗೂ ಹೆಚ್ಚುಕಾಲ ಓದಿದ ಮೇಲೆಯೂ, ಅದೇ ಪ್ರಣವೇಶ್ವರ ದೇವಾಲಯದ ಆ ಆವರಣದಲ್ಲಿ ೨೦೧೩ರಲ್ಲಿ ಸಿಂಹಕಟಾಂಜನ ಶಾಸನವು ಹೊರಬಂದಿತು. ಸಂಸ್ಕೃತದೊಡನೆ ಕನ್ನಡವೂ ಇರುವ ಅದು ಹಲ್ಮಿಡಿಗಿಂತ ಹಿಂದಿನದೆಂದು ಪುರಾತತ್ತ್ವಜ್ಞರು ನಿರ್ಣಯಿಸಿರುವರು. ಅದನ್ನು ಯಾರಾದರೂ ರಾತ್ರಿಯಲ್ಲಿ ಕಿತ್ತು ಮಾರಿದ್ದರೆ ಅದು ಸುಂದರವಾದ ಕಲ್ಲಿನ ತುಂಡಾಗಿ ಉಳಿಯುತ್ತಿದ್ದಿತೇ ಹೊರತು ಕನ್ನಡದ ಪ್ರಾಚೀನತೆಗೆ ಪ್ರಮಾಣವಾಗುತ್ತಿರಲಿಲ್ಲ. ಶಾಸನದ ಕಲ್ಲಿಗೆ ಒಪ್ಪುವ ಈ ಮಾತು ದೀನಾರದ ಬೆಳ್ಳಿಗೂ ಚುಟುಗಳ ಸೀಸಕ್ಕೂ ಸಮಾನವಾಗಿ ಒಪ್ಪುವುದು.

೮

ಈವರೆಗಿನ ವಿಚಾರದಿಂದ ಸಿದ್ಧವಾಗುವ ಅಂಶಗಳು ಹೀಗಿವೆ. ಕನ್ನಡನಾಡಿಗೆ ರೋಮಕರ ಬೆಳ್ಳಿಯು ಬಂದುದು ಮುಖ್ಯವಾಗಿ ಅಗಸ್ಟಸ್-ಟೈಬೀರಿಯಸರ ನಾಣ್ಯಗಳ ರೂಪದಲ್ಲಿ. ಅದನ್ನು ಇಲ್ಲಿಯವರು ಸ್ವೀಕರಿಸಿದುದು ಮುದ್ರೆಗಾಗಿ ಅಲ್ಲ, ಶುದ್ಧಿಗಾಗಿ. ಬನವಾಸಿ ನಾಡು ತನ್ನದೇ ಆದ ನಾಣ್ಯಪದ್ಧತಿಯುಳ್ಳ ರಾಜ್ಯವಾಗಿದ್ದುದರಿಂದ ಅಲ್ಲಿ ಪರದೇಶದ ಬೆಳ್ಳಿಗಿಂತ ಸೀಸವನ್ನು ಹೆಚ್ಚಾಗಿ ವಿಮರ್ಶಿಸತಕ್ಕುದು. ಕದಂಬರ ಕಾಲದಲ್ಲಿ ಆ ಸಂಪರ್ಕವು ಚಿನ್ನದ ರೂಪವನ್ನು ತಾಳಿತು. ಅದಕ್ಕೆ ಅಕ್ಕಿಆಲೂರು ಸಾಕ್ಷಿ. ಮಯೂರಶರ್ಮನ ಕೀರ್ತಿಗೆ ಟೈಬೀರಿಯಸನ ಬೆಳ್ಳಿಯ ಮೆರುಗು ಬೇಕಾಗಿಲ್ಲ. ತಾಳಗುಂದದ ಕಲ್ಲೇ ಅದಕ್ಕೆ ಸಾಕು.

ಶಾಸನವನ್ನು ಬಲ್ಲವರು ನಾಣ್ಯವನ್ನೂ, ನಾಣ್ಯವನ್ನು ಬಲ್ಲವರು ಶಾಸನವನ್ನೂ ಅರಿತರೆ ಈ ವಿಚಾರವು ಮುಂದುವರಿಯುವುದು. ಶಿಕಾರಿಪುರ ಸೊರಬಗಳ ಶಾಲೆಗಳಲ್ಲಿ ಸಾಹಿತ್ಯವನ್ನು ಬೋಧಿಸುವ ಉಪಾಧ್ಯಾಯರು ಈ ಕಾರ್ಯದಲ್ಲಿ ಬಹಳ ಉಪಕಾರ ಮಾಡಬಲ್ಲರು. ಹೊಲದಲ್ಲಿ ಬಿಲ್ಲೆಯೊಂದು ಸಿಕ್ಕಿದಾಗ ಹಳ್ಳಿಯವರು ಮೊದಲು ತೋರಿಸುವುದು ಮೇಷ್ಟರಿಗೆ. ಆಗ ಅವರು ಅದನ್ನು ಉಜ್ಜಿ ತೊಳೆಯದೆ, ಎಲ್ಲಿ, ಎಷ್ಟು ಆಳದಲ್ಲಿ, ಯಾವ ಮಡಕೆಯ ಚೂರುಗಳ ಜೊತೆಯಲ್ಲಿ ಸಿಕ್ಕಿತೆಂಬುದನ್ನು ಆ ದಿನವೇ ಬರೆದಿಟ್ಟು, ರೈತನ ಭಯವನ್ನು ಹೋಗಲಾಡಿಸಿ ಅವನನ್ನು ಕಚೇರಿಗೆ ಕರೆದುಕೊಂಡು ಹೋದರೆ, ಆ ಒಂದು ಪುಟದ ಬರೆಹವು ಬೆಳ್ಳಿಗಿಂತ ಹೆಚ್ಚು ಬಾಳುವುದು. ದೀನಾರವೆಂಬ ಪದವನ್ನು ಅಮರಸಿಂಹನು ಉಳಿಸಿಕೊಟ್ಟನು. ವಸ್ತುವನ್ನು ಅದರ ನೆಲೆಯೊಡನೆ ಉಳಿಸಿಕೊಡುವ ಭಾರವು ಈ ನಾಡಿನವರ ಮೇಲಿದೆ.